ತಿಳಿ ಬೇಕೋ, ಗಸಿ ಬೇಕೋ

ರಕ್ತದಲ್ಲಿ ಔಷಧ ಎಷ್ಟಿದೆ ಎಂದು ಅಳೆಯಬೇಕಾದರೆ ಮೊದಲು ಆ ರಕ್ತದೊಳಗಿನ ಪ್ರೋಟೀನನ್ನು ಹೊರಗೆ ಹಾಕಬೇಕು. ಲೆಕ್ಕ ನೋಡಿ. ಫಿಟ್ಸ್ ಕಾಯಿಲೆಗೆ ಕೊಡುವ ಫೆನಿಟಾಯಿನ್ ಗುಳಿಗೆ ಸರಿಯಾಗಿ ಕೆಲಸ ಮಾಡುತ್ತಿರುವ ರೋಗಿಯ 100 ಮಿಲಿಲೀಟರ್ ಪ್ಲಾಸ್ಮಾದಲ್ಲಿ, ಅಂದರೆ ಕಣಗಳನ್ನು ಬಿಟ್ಟ ರಕ್ತದ ದ್ರವಭಾಗದಲ್ಲಿ, ಆ ಔಷಧ ಇರುವುದು 1ರಿಂದ 2 ಮಿಲಿಗ್ರಾಂ. ಅದೇ 100 ಮಿಲಿಲೀಟರಿನಲ್ಲಿ ಪ್ರೋಟೀನ್ 6ರಿಂದ 8 ಗ್ರಾಂ, ಅಂದರೆ ಹತ್ತಿರಹತ್ತಿರ 7,000 ಮಿಲಿಗ್ರಾಂ. ಅರ್ಧಕ್ಕಿಂತ ಹೆಚ್ಚು ಪಾಲು ಅಲ್ಬುಮಿನ್. ಉಳಿದದ್ದು ಪ್ರತಿಕಾಯಗಳು, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಮತ್ತು ಇತರ ನೂರಾರು ಪ್ರೋಟೀನುಗಳು. ಈ ಜಂಗುಳಿಯ ನಡುವಿನಿಂದ ಆ ಒಂದು ಮಿಲಿಗ್ರಾಮನ್ನು ಎತ್ತಿ ತೂಗಬೇಕು.

ಪ್ರೋಟೀನ್ ಸಮೇತ ಪ್ಲಾಸ್ಮಾವನ್ನು, ಬೆರೆತ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕಿದರೆ ಏನಾಗುತ್ತದೆ ಎಂದು ಹೊಸ ವಿದ್ಯಾರ್ಥಿಗಳು ಕೇಳುತ್ತಾರೆ. ಆ ಯಂತ್ರದ ಜೀವ ಇರುವುದು ಗೇಣುದ್ದದ ಒಂದು ಉಕ್ಕಿನ ಕೊಳವೆಯಲ್ಲಿ. ಅದಕ್ಕೆ ಕಾಲಮ್ ಎನ್ನುತ್ತೇವೆ. ಒಳಗೆ 5 ಮೈಕ್ರಾನ್ ಅಥವಾ ಅದಕ್ಕೂ ಸಣ್ಣ ಸಿಲಿಕಾ ಕಣಗಳನ್ನು ಒತ್ತೊತ್ತಾಗಿ ತುಂಬಿರುತ್ತಾರೆ. ಅದರ ಮೂಲಕ ಹರಿಯುವ ದ್ರಾವಕ ತಗುಲಿದ ಕೂಡಲೇ ಪ್ರೋಟೀನ್ ಅಲ್ಲೇ ಗಟ್ಟಿಯಾಗಿ ಕಣಗಳ ಸಂದಿಯಲ್ಲಿ ಕೂರುತ್ತದೆ. ಒತ್ತಡ ಏರುತ್ತದೆ, ಹತ್ತಾರು ಸಾವಿರ ರೂಪಾಯಿಯ ಕಾಲಮ್ ಹಾಳಾಗುತ್ತದೆ. ಆದ್ದರಿಂದ ಪ್ರೋಟೀನನ್ನು ಯಂತ್ರದ ಹೊರಗೆ, ನಮ್ಮ ಕಣ್ಣೆದುರಿಗಿನ ಸಣ್ಣ ಟ್ಯೂಬಿನಲ್ಲೇ ಒಡೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಗಸಿಯನ್ನು ಕೆಳಗೆ ಕೂರಿಸಿ, ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಬೇಕು.

ನಾನು ಕಮಲಾಪುರದವಳು. ಕಲಬುರಗಿಯ ಜ್ಞಾನಗಂಗೆ ಆವರಣದಲ್ಲಿ ಜೀವರಸಾಯನಶಾಸ್ತ್ರ ಓದಿ, ಅದೇ ಊರಿನಲ್ಲಿ ಫಾರ್ಮಸಿ ಮತ್ತು ಲ್ಯಾಬ್ ತಂತ್ರಜ್ಞರ ಕೋರ್ಸಿನ ಮಕ್ಕಳಿಗೆ ಪ್ರಾಕ್ಟಿಕಲ್ ಕಲಿಸುತ್ತ ಬಂದಿದ್ದೇನೆ. ನಮ್ಮ ಮಕ್ಕಳಲ್ಲಿ ಅನೇಕರು ಓದು ಮುಗಿದ ಮೇಲೆ ನಮ್ಮೂರ ಮೇಲೇ ಹುಮನಾಬಾದ್ ದಾಟಿ ಹೋಗುವ ಬಸ್ಸು ಹತ್ತಿ ಹೈದರಾಬಾದಿನ ಔಷಧ ಕಂಪನಿಗಳಿಗೆ ಸೇರುತ್ತಾರೆ. ಅಲ್ಲಿ ಅವರಿಗೆ ಮೊದಲು ಸಿಗುವ ಕೆಲಸ ಬಹಳ ಸಲ ಇದೇ: ಪ್ಲಾಸ್ಮಾದಿಂದ ಪ್ರೋಟೀನ್ ತೆಗೆಯುವುದು. ಹೋಗುವ ಮೊದಲು ಅವರು ಕೇಳುವ ಪ್ರಶ್ನೆಯೂ ಒಂದೇ. “ಮೇಡಂ, ಇದರಾಗ ಛಲೋ ಮೆಥಡ್ ಯಾವುದ್ರಿ?” ನಾನು ತಿರುಗಿ ಕೇಳುತ್ತೇನೆ: “ನಿಮಗ ಏನು ಉಳೀಬೇಕಾಗ್ಯದ, ಅದು ಹೇಳ್ರಿ ಮೊದಲ.”

ಪ್ರೋಟೀನ್ ನೀರಿನಲ್ಲಿ ಕರಗಿ ನಿಂತಿರುವುದಕ್ಕೆ ಕಾರಣ ಎರಡು. ಅದರ ಮೈಮೇಲೆ ವಿದ್ಯುದಾವೇಶಗಳಿವೆ, ಅವು ಒಂದು ಅಣುವನ್ನು ಇನ್ನೊಂದರಿಂದ ದೂರ ತಳ್ಳುತ್ತವೆ. ಅದರ ಸುತ್ತ ನೀರಿನ ಅಣುಗಳ ಕವಚವಿದೆ. ಇವೆರಡರಲ್ಲಿ ಒಂದನ್ನು ಕೆಡಿಸಿದರೂ ಅಣುಗಳು ಒಂದಕ್ಕೊಂದು ಅಂಟಿಕೊಂಡು ಕೆಳಗಿಳಿಯಬಲ್ಲವು. ಕಾಯ್ದ ಹಾಲಿಗೆ ಲಿಂಬೆ ಹಿಂಡಿದಾಗ ಆಗುವುದೂ ಇದೇ: ಹಾಲಿನ ಕೇಸೀನ್ ಪ್ರೋಟೀನು ಪಿಎಚ್ 4.6ರ ಹತ್ತಿರ ತನ್ನ ಆವೇಶ ಕಳೆದುಕೊಂಡು ಒಡೆಯುತ್ತದೆ. ಪ್ಲಾಸ್ಮಾದ ಅಲ್ಬುಮಿನ್ನಿಗೂ ಇಂಥದೇ ಬಿಂದು ಇದೆ, 4.7ರ ಸುಮಾರಿಗೆ. ಆದರೆ ಅಲ್ಬುಮಿನ್ ಕೇಸೀನಿಗಿಂತ ಹಟಮಾರಿ. ಅಷ್ಟರಿಂದಲೇ ಅದು ಬೀಳುವುದಿಲ್ಲ, ಇನ್ನೂ ಬಲವಾದ ಕೈ ಬೇಕು.

ಆ ಬಲವಾದ ಕೈಯ ಚರಿತ್ರೆಯನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ, ಏಕೆಂದರೆ ಅದರೊಳಗೆ ಈ ವಿದ್ಯೆಯ ಮುಖ್ಯ ಪಾಠವಿದೆ. 1919ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಆಟೋ ಫೋಲಿನ್ ಮತ್ತು ಚೀನಾದಿಂದ ಬಂದಿದ್ದ ಅವರ ವಿದ್ಯಾರ್ಥಿ ಹ್ಸಿಯೆನ್ ವು ಒಂದು ಕ್ರಮ ಪ್ರಕಟಿಸಿದರು. ಒಂದು ಪಾಲು ರಕ್ತ, ಏಳು ಪಾಲು ನೀರು, ಒಂದು ಪಾಲು ಸೋಡಿಯಂ ಟಂಗ್‌ಸ್ಟೇಟ್, ಒಂದು ಪಾಲು ಸಲ್ಫ್ಯೂರಿಕ್ ಆಮ್ಲ. ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗಿ ಒಡೆಯುತ್ತದೆ, ಸೋಸಿದರೆ ನೀರಿನಂಥ ತಿಳಿ. ಆ ಒಂದೇ ತಿಳಿಯಲ್ಲಿ ಸಕ್ಕರೆ, ಯೂರಿಯಾ, ಕ್ರಿಯಾಟಿನಿನ್, ಯೂರಿಕ್ ಆಮ್ಲ ಎಲ್ಲವನ್ನೂ ಅಳೆಯಬಹುದಿತ್ತು. ದಶಕಗಳ ಕಾಲ ಲೋಕದ ಆಸ್ಪತ್ರೆಗಳೆಲ್ಲ ಇದನ್ನೇ ನಂಬಿದವು. ನಮ್ಮ ದೇಶದ ಜೀವರಸಾಯನಶಾಸ್ತ್ರದ ಪ್ರಾಕ್ಟಿಕಲ್ ಪುಸ್ತಕಗಳಲ್ಲಿ ಫೋಲಿನ್–ವು ಹೆಸರು ಬಹಳ ಕಾಲ ಉಳಿಯಿತು.

ಅದರಲ್ಲಿ ಒಂದು ತೊಡಕಿತ್ತು. ಸಕ್ಕರೆ ಅಳೆಯಲು ಆಗ ತಾಮ್ರದ ದ್ರಾವಣ ಬಳಸುತ್ತಿದ್ದರು. ಅದು ಗ್ಲೂಕೋಸಿಗೆ ಮಾತ್ರವಲ್ಲ, ಕೆಂಪು ಕಣಗಳಲ್ಲಿರುವ ಗ್ಲುಟಾಥಯೋನಿನಂಥ ವಸ್ತುಗಳಿಗೂ ಬಣ್ಣ ಕೊಡುತ್ತದೆ. ಟಂಗ್‌ಸ್ಟೇಟ್ ಪ್ರೋಟೀನನ್ನು ಕೆಡವುತ್ತಿತ್ತು, ಈ ವಸ್ತುಗಳನ್ನು ತಿಳಿಯಲ್ಲೇ ಬಿಡುತ್ತಿತ್ತು. ಮೈಕೆಲ್ ಸೊಮೋಗಿ ಎಂಬ ಹಂಗೇರಿ ಮೂಲದ ವಿಜ್ಞಾನಿ ಸತುವಿನ ಲವಣ ಬಳಸಿ ಪ್ರೋಟೀನ್ ತೆಗೆದಾಗ, ಆ ಗಸಿ ಇಂಥ ವಸ್ತುಗಳನ್ನೂ ತನ್ನ ಜೊತೆ ಕೆಳಗೆಳೆದುಕೊಂಡು ಹೋಯಿತು. ತಿಳಿಯಲ್ಲಿ ಉಳಿದದ್ದು ಬಹುಪಾಲು ಗ್ಲೂಕೋಸ್ ಮಾತ್ರ. ಪರಿಣಾಮ ಏನೆಂದರೆ, ಫೋಲಿನ್–ವು ಕ್ರಮದಲ್ಲಿ ಖಾಲಿಹೊಟ್ಟೆಯ ಆರೋಗ್ಯವಂತರ ಸಕ್ಕರೆ 80ರಿಂದ 120 ಎಂದು ಪುಸ್ತಕಗಳು ಹೇಳುತ್ತಿದ್ದರೆ, ಸತುವಿನ ತಿಳಿಯಲ್ಲಿ ಅದು ಸುಮಾರು 20 ಅಂಕ ಕೆಳಗಿತ್ತು. ಅದೇ ಮನುಷ್ಯ, ಅದೇ ರಕ್ತ, ಅದೇ ದಿನ. ಪ್ರೋಟೀನ್ ತೆಗೆದ ಬಗೆ ಬೇರೆಯಾದದ್ದಕ್ಕೆ ಸಕ್ಕರೆಯ ಸಂಖ್ಯೆಯೇ ಬೇರೆಯಾಯಿತು. ಇವತ್ತಿನ ಯಂತ್ರಗಳು ಗ್ಲೂಕೋಸನ್ನಷ್ಟೇ ಗುರುತಿಸುವ ಕಿಣ್ವ ಬಳಸುವುದರಿಂದ ಸಕ್ಕರೆಗೆ ಈ ಗೊಡವೆ ಇಲ್ಲ. ಔಷಧಗಳ ವಿಷಯದಲ್ಲಿ ಅದು ಹಾಗೇ ಇದೆ.

ಈಗ ಪ್ರಯೋಗಾಲಯದಲ್ಲಿ ಹೆಚ್ಚು ಬಳಕೆಯಲ್ಲಿರುವ ಕ್ರಮಗಳಿಗೆ ಬರೋಣ. ನಾನು ಮಕ್ಕಳಿಂದ ಒಂದೇ ಪ್ಲಾಸ್ಮಾದ ಮೇಲೆ ಇವನ್ನು ಅಕ್ಕಪಕ್ಕದಲ್ಲಿ ಮಾಡಿಸುತ್ತೇನೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆದ ರಕ್ತವನ್ನು ತಿರುಗಿಸಿದಾಗ ಮೇಲೆ ನಿಲ್ಲುವ ಒಣಹುಲ್ಲಿನ ಬಣ್ಣದ ದ್ರವವೇ ಪ್ಲಾಸ್ಮಾ. ಅದರ 100 ಮೈಕ್ರೋಲೀಟರಿಗೆ 300 ಮೈಕ್ರೋಲೀಟರ್ ಅಸಿಟೋನೈಟ್ರೈಲ್ ಹಾಕಿದರೆ ನೋಡುತ್ತಿದ್ದಂತೆ ಬೆಳ್ಳಗಾಗುತ್ತದೆ. ಮೆಥನಾಲ್ ಆದರೆ ಅದೇ ಪರಿಣಾಮಕ್ಕೆ ಸಾಮಾನ್ಯವಾಗಿ ಇನ್ನಷ್ಟು ಬೇಕು. ಇವೆರಡೂ ನೀರಿನ ಕವಚವನ್ನು ಸಡಿಲಿಸಿ ಕೆಲಸ ಮಾಡುತ್ತವೆ. ಟಿಸಿಎ, ಅಂದರೆ ಟ್ರೈಕ್ಲೋರೋ ಅಸಿಟಿಕ್ ಆಮ್ಲ, ಬೇರೆ ದಾರಿ ಹಿಡಿಯುತ್ತದೆ. ಅದು ಪ್ರೋಟೀನಿನ ಮೈಯೆಲ್ಲ ಧನ ಆವೇಶವಾಗುವಂತೆ ಮಾಡಿ, ಮಡಿಕೆ ಬಿಚ್ಚಿ, ಅದರೊಡನೆ ಕರಗದ ಲವಣವಾಗಿ ಕೂರುತ್ತದೆ. ಪರ್ಕ್ಲೋರಿಕ್ ಆಮ್ಲದ ಕೆಲಸವೂ ಹೆಚ್ಚುಕಡಿಮೆ ಇದೇ. ಸತುವಿನ ಸಲ್ಫೇಟಿನಲ್ಲಿ ಸತುವಿನ ಅಯಾನುಗಳೇ ಪ್ರೋಟೀನನ್ನು ಹಿಡಿದು ಒಂದಕ್ಕೊಂದು ಬಿಗಿಯುತ್ತವೆ.

ಯಾವುದು ಹೆಚ್ಚು ತೆಗೆಯುತ್ತದೆ? ಪೋಲ್ಸನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಹೋಲಿಕೆಯನ್ನು ಈ ಕ್ಷೇತ್ರದವರು ಈಗಲೂ ಮುಂದಿಟ್ಟುಕೊಳ್ಳುತ್ತಾರೆ. ಪ್ಲಾಸ್ಮಾದ ಎರಡು ಪಟ್ಟು ಹಾಕಿದಾಗ ಅಸಿಟೋನೈಟ್ರೈಲ್, ಟಿಸಿಎ, ಸತುವಿನ ಸಲ್ಫೇಟ್ ಮೂರೂ ಶೇಕಡಾ 90ಕ್ಕಿಂತ ಹೆಚ್ಚು ಪ್ರೋಟೀನನ್ನು ತೆಗೆದಿದ್ದವು. ಕೇಳಲು ಸಮಾಧಾನ. ಆದರೆ ನಾನು ಮಕ್ಕಳಿಗೆ ಮತ್ತೆ ಮೊದಲಿನ ಲೆಕ್ಕಕ್ಕೆ ಹೋಗಲು ಹೇಳುತ್ತೇನೆ. ಶೇಕಡಾ 95 ಹೋಯಿತೆಂದೇ ಇಟ್ಟುಕೊಳ್ಳಿ; 7,000ದಲ್ಲಿ 350 ಉಳಿಯಿತು. ನಾವು ಹುಡುಕುತ್ತಿರುವ ಔಷಧ ಒಂದು. ಶೇಕಡಾವಾರು ಕಣ್ಣಿಗೆ ಎಷ್ಟು ದೊಡ್ಡದಾಗಿ ಕಂಡರೂ ಗಸಿಯ ಮೇಲಿನ ತಿಳಿ ಇನ್ನೂ ಶುದ್ಧವಲ್ಲ. ತಿಳಿಯಲ್ಲಿ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಜಾತಿಯ ವಸ್ತುಗಳೂ ಇರುತ್ತವೆ. ಮೆಥನಾಲ್ ಇವನ್ನು ಅಸಿಟೋನೈಟ್ರೈಲಿಗಿಂತ ಹೆಚ್ಚು ಕರಗಿಸಿಕೊಂಡು ಬರುತ್ತದೆ. ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಇವು ಔಷಧದ ಸಂಕೇತವನ್ನು ಅದುಮಿ, ಇದ್ದದ್ದಕ್ಕಿಂತ ಕಡಿಮೆ ತೋರಿಸಬಲ್ಲವು.

ಹಾಗಾದರೆ ಎಲ್ಲದಕ್ಕೂ ಟಿಸಿಎ ಹಾಕಿ ಮುಗಿಸಬಹುದಲ್ಲ, ಅದಕ್ಕೆ ಸ್ವಲ್ಪವೇ ಸಾಕು, ಬೆಲೆಯೂ ಕಡಿಮೆ ಎನ್ನುತ್ತಾರೆ. ಆದರೆ ಹೊಟ್ಟೆಯುರಿಗೆ ನಾವೆಲ್ಲ ನುಂಗುವ ಒಮೆಪ್ರಜೋಲ್ ಆಮ್ಲದಲ್ಲಿ ನಿಲ್ಲುವುದಿಲ್ಲ, ಒಡೆದುಹೋಗುತ್ತದೆ. ಗುಳಿಗೆಗೆ ವಿಶೇಷ ಲೇಪನ ಕೊಡುವುದೂ ಜಠರದ ಆಮ್ಲದಿಂದ ಅದನ್ನು ಕಾಪಾಡಲೆಂದೇ. ಅಂಥ ಔಷಧದ ಪ್ಲಾಸ್ಮಾಕ್ಕೆ ಟಿಸಿಎ ಹಾಕಿದರೆ ಪ್ರೋಟೀನಿನ ಜೊತೆ ಔಷಧವೂ ಹೋಯಿತು. ಇದಕ್ಕೆ ವ್ಯತಿರಿಕ್ತವಾಗಿ ವಿಟಮಿನ್ ಸಿ ಆಮ್ಲವಿಲ್ಲದೆ ಉಳಿಯುವುದಿಲ್ಲ, ಅದಕ್ಕೆ ಆಮ್ಲದ ಕ್ರಮವೇ ಬೇಕು. ಕಿಡ್ನಿ ಕಸಿ ಮಾಡಿಸಿಕೊಂಡವರು ನುಂಗುವ ಟ್ಯಾಕ್ರೋಲಿಮಸ್ ಬಹುಪಾಲು ಕೆಂಪು ಕಣಗಳೊಳಗೆ ಅಡಗಿರುತ್ತದೆ. ಅದಕ್ಕೆ ಪ್ಲಾಸ್ಮಾ ಅಲ್ಲ, ಇಡೀ ರಕ್ತವನ್ನೇ ತೆಗೆದುಕೊಂಡು ಸತುವಿನ ಸಲ್ಫೇಟ್ ಮತ್ತು ಮೆಥನಾಲನ್ನು ಜೊತೆಗೂಡಿಸಿ ಒಡೆಯುತ್ತಾರೆ.

ನಮ್ಮ ಊರಿನ ಬಿಸಿಲಿಗೂ ಇದರಲ್ಲಿ ಪಾತ್ರವಿದೆ. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿ 42 ಡಿಗ್ರಿ ದಾಟುವುದು ಯಾರಿಗೂ ಹೊಸದಲ್ಲ. ಮೆಥನಾಲ್ ಕುದಿಯುವುದು 65 ಡಿಗ್ರಿಗೆ, ಅಸಿಟೋನೈಟ್ರೈಲ್ 82ಕ್ಕೆ. ಕರೆಂಟು ಹೋಗಿ ಏಸಿ ನಿಂತ ಕೋಣೆಯಲ್ಲಿ ಮುಚ್ಚಳ ತೆರೆದ ಟ್ಯೂಬುಗಳನ್ನು ಸಾಲಾಗಿ ಇಟ್ಟರೆ ದ್ರಾವಕ ಆರುತ್ತ ಹೋಗುತ್ತದೆ, ತಿಳಿ ಗಟ್ಟಿಯಾಗುತ್ತದೆ, ಕೊನೆಯ ಟ್ಯೂಬಿನ ಸಂಖ್ಯೆ ಮೊದಲನೆಯದಕ್ಕಿಂತ ಮೇಲೇರುತ್ತದೆ. ತಣ್ಣಗಿನ ದ್ರಾವಕ ಪ್ರೋಟೀನನ್ನು ಚೆನ್ನಾಗಿ ಕೆಡವುತ್ತದೆ ಕೂಡ. ಆದ್ದರಿಂದ ಬೇಸಿಗೆಯಲ್ಲಿ ಬಾಟಲಿಗಳನ್ನು ಮಂಜುಗಡ್ಡೆಯಲ್ಲಿಟ್ಟು, ಅಳೆಯುವ ಔಷಧದಂಥದೇ ಇನ್ನೊಂದು ವಸ್ತುವನ್ನು ಗೊತ್ತಾದ ಪ್ರಮಾಣದಲ್ಲಿ ಪ್ರತಿ ಟ್ಯೂಬಿಗೂ ಮೊದಲೇ ಸೇರಿಸಿ ಕೆಲಸ ಮಾಡಿಸುತ್ತೇನೆ. ಆರಿದರೆ ಎರಡೂ ಒಂದೇ ಅಳತೆಯಲ್ಲಿ ಗಟ್ಟಿಯಾಗುತ್ತವೆ, ಅವುಗಳ ಅನುಪಾತ ಕೆಡುವುದಿಲ್ಲ.

2008–09ರಲ್ಲಿ ಇನ್ನೊಂದು ಪಾಠವಾಯಿತು. ಅಸಿಟೋನೈಟ್ರೈಲನ್ನು ಅದಕ್ಕೆಂದೇ ತಯಾರಿಸುವುದು ಅಪರೂಪ. ಸ್ವೆಟರಿನ ಅಕ್ರಿಲಿಕ್ ನೂಲು, ಪ್ಲಾಸ್ಟಿಕ್ಕುಗಳಿಗೆ ಬೇಕಾದ ಅಕ್ರಿಲೋನೈಟ್ರೈಲ್ ಮಾಡುವಾಗ ಉಪಉತ್ಪನ್ನವಾಗಿ ಬರುತ್ತದೆ. ಆ ವರ್ಷ ಲೋಕದ ಆರ್ಥಿಕ ಕುಸಿತದಿಂದ ಕಾರು ಮತ್ತು ಪ್ಲಾಸ್ಟಿಕ್ ಬೇಡಿಕೆ ಬಿದ್ದಿತು, ಬೀಜಿಂಗ್ ಒಲಿಂಪಿಕ್ಸಿನ ಗಾಳಿ ಶುದ್ಧವಿರಲೆಂದು ಚೀನಾದ ಕಾರ್ಖಾನೆಗಳನ್ನು ನಿಲ್ಲಿಸಿದರು, ಅಮೆರಿಕದ ಟೆಕ್ಸಾಸಿಗೆ ಐಕ್ ಚಂಡಮಾರುತ ಬಡಿಯಿತು. ಎಲ್ಲ ಕಡೆ ಅಸಿಟೋನೈಟ್ರೈಲಿಗೆ ಬರ ಬಂದು ಬೆಲೆ ಹಲವು ಪಟ್ಟು ಏರಿತು. ಪ್ರಯೋಗಾಲಯಗಳು ಮೆಥನಾಲಿಗೆ ಹೊರಳಿದವು. ಒಂದೇ ಕ್ರಮವನ್ನು ಗಿಣಿಪಾಠದಂತೆ ಕಲಿತವರು ಆಗ ಪರದಾಡಿದರು, ಹೋಲಿಸಿ ಕಲಿತವರು ಹೊಸ ದ್ರಾವಕದಲ್ಲಿ ಮತ್ತೆ ಪರೀಕ್ಷಿಸಿ ಮುಂದೆ ಹೋದರು.

ಇಷ್ಟು ಹೊತ್ತು ಗಸಿಯನ್ನು ಚೆಲ್ಲುವ ಮಾತಾಯಿತು. ಗಸಿಯೇ ಬೇಕಾದ ಸಂದರ್ಭಗಳೂ ಇವೆ, ಅವು ನಮ್ಮ ಭಾಗದ ಜನರ ಜೀವಕ್ಕೆ ಇನ್ನೂ ಹತ್ತಿರ.

ಮುಂಗಾರಿನಲ್ಲಿ ತೊಗರಿ ಹೊಲಕ್ಕೆ ಇಳಿಯುವವರಿಗೆ ಹಾವಿನ ಭಯ ಹೇಳಿಕೊಡಬೇಕಿಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಆಸ್ಪತ್ರೆಯಲ್ಲಿ ಕೊಡುವ ವಿಷಹಾರಿ ಇಂಜೆಕ್ಷನ್ ಕುದುರೆಯ ಪ್ಲಾಸ್ಮಾದಿಂದ ಬರುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷವನ್ನು ಸ್ವಲ್ಪಸ್ವಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಪ್ರತಿಕಾಯ ಬೆಳೆದ ಮೇಲೆ ಪ್ಲಾಸ್ಮಾ ತೆಗೆಯುತ್ತಾರೆ. ಬೇಕಾದ ವಿಷದ ದೊಡ್ಡ ಪಾಲು ಚೆನ್ನೈ ಬಳಿಯ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ ಬರುತ್ತದೆ. ಆ ಪ್ಲಾಸ್ಮಾಕ್ಕೆ ಟಿಸಿಎ ಹಾಕಿದರೆ ಪ್ರತಿಕಾಯ ಸತ್ತೇ ಹೋಗುತ್ತದೆ. ಹಳೆಯ ಕ್ರಮ ಅಮೋನಿಯಂ ಸಲ್ಫೇಟಿನದು: ಉಪ್ಪು ನೀರನ್ನೆಲ್ಲ ತನ್ನತ್ತ ಎಳೆದುಕೊಂಡಾಗ ಪ್ರತಿಕಾಯಗಳು ಮಡಿಕೆ ಕೆಡದೆ ಕೆಳಗಿಳಿಯುತ್ತವೆ, ಮತ್ತೆ ನೀರು ಕೊಟ್ಟರೆ ಕರಗಿ ಮೊದಲಿನಂತೆ ಕೆಲಸ ಮಾಡುತ್ತವೆ. ಇನ್ನೊಂದು ಕ್ರಮ ಕ್ಯಾಪ್ರಿಲಿಕ್ ಆಮ್ಲದ್ದು. ಅದು ಅಲ್ಬುಮಿನ್ ಮೊದಲಾದ ಬೇಡದ ಪ್ರೋಟೀನುಗಳನ್ನು ಕೆಡವಿ ಪ್ರತಿಕಾಯವನ್ನು ತಿಳಿಯಲ್ಲೇ ಬಿಡುತ್ತದೆ. ಕೆಳಗಿಳಿದು ಮತ್ತೆ ಕರಗುವ ಹಾದಿಯಲ್ಲಿ ಪ್ರತಿಕಾಯಗಳು ಗುಂಪುಗೂಡಿ ಅಂಟಿಕೊಳ್ಳುವುದುಂಟು, ಅಂಥ ಗುಂಪುಗಳು ರೋಗಿಗೆ ನವೆ, ನಡುಕ ತರಬಲ್ಲವು. ಕ್ಯಾಪ್ರಿಲಿಕ್ ಕ್ರಮದಲ್ಲಿ ಆ ಹಾದಿಯೇ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ ಎರಡರಲ್ಲಿ ಇದೇ ಮೇಲು.

ದೊಡ್ಡಾಸ್ಪತ್ರೆಯ ಎದುರಿನ ಔಷಧ ಅಂಗಡಿಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ತರುವ ಅಲ್ಬುಮಿನ್ ಬಾಟಲಿಯೂ ಪ್ಲಾಸ್ಮಾ ಒಡೆದು ತೆಗೆದದ್ದೇ. ಎರಡನೇ ಮಹಾಯುದ್ಧದ ಹೊತ್ತಿಗೆ ಹಾರ್ವರ್ಡಿನ ಎಡ್ವಿನ್ ಕೋನ್ ಮಂಜಿನಂಥ ತಣ್ಣನೆಯ ಆಲ್ಕೊಹಾಲನ್ನು ಹಂತಹಂತವಾಗಿ ಏರಿಸುತ್ತ, ಪಿಎಚ್ ಬದಲಿಸುತ್ತ, ಪ್ಲಾಸ್ಮಾದ ಒಂದೊಂದೇ ಪ್ರೋಟೀನನ್ನು ಬೇರೆ ಮಾಡಿದರು. ಐದನೆಯ ಹಂತದಲ್ಲಿ, ಶೇಕಡಾ 40 ಆಲ್ಕೊಹಾಲ್, ಪಿಎಚ್ 4.8, ಸೊನ್ನೆಗಿಂತ 5 ಡಿಗ್ರಿ ಕೆಳಗೆ, ಅಲ್ಬುಮಿನ್ ಇಳಿಯಿತು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಗಾಯಾಳುಗಳಿಗೆ ಅದನ್ನು ಕೊಟ್ಟರು. ಇಂದಿಗೂ ಕೈಗಾರಿಕೆಯಲ್ಲಿ ಆ ಕ್ರಮದ ಮರಿಗಳೇ ನಡೆಯುತ್ತಿವೆ.

ಅಲ್ಬುಮಿನ್ನಿನ ಮಾತು ಬಂದದ್ದಕ್ಕೆ ನನ್ನ ಕಾಕಾನ ವಿಷಯ ಹೇಳಬೇಕು. ಕಮಲಾಪುರದಲ್ಲಿ ನಮ್ಮ ಕೆಂಪು ಬಾಳೆಯ ತೋಟ ನೋಡಿಕೊಳ್ಳುವವರು ಅವರು. ಬಹಳ ವರ್ಷಗಳಿಂದ ಫಿಟ್ಸಿಗೆ ಫೆನಿಟಾಯಿನ್ ನುಂಗುತ್ತಾರೆ. ಹೊಟ್ಟೆಯ ಆಪರೇಷನ್ ಆಗಿ ತಿಂಗಳುಗಟ್ಟಲೆ ಊಟ ಸೇರದೆ ಸೊರಗಿದ್ದರು. ಆಗ ಔಷಧದ ಮಟ್ಟ ನೋಡಿದ ರಿಪೋರ್ಟ್ ಬಂತು: ಮಿಲಿಲೀಟರಿಗೆ 9 ಮೈಕ್ರೋಗ್ರಾಂ. ಇರಬೇಕಾದದ್ದು 10ರಿಂದ 20. “ಏನವ್ವಾ, ಗುಳಿಗಿ ಕಮ್ಮಿ ಬಿದ್ದಾವಂತ ಬರದಾರ. ನನಗ ನೋಡಿದ್ರ ತಲಿ ತಿರಗ್ಲಿಕತ್ಯದ, ನಡೀಲಿಕ್ಕ ಹೋದ್ರ ಜೋಲಿ ಹೊಡೀತದ,” ಎಂದರು ಕಾಕಾ. ತಲೆ ತಿರುಗುವುದು, ಜೋಲಿ ಹೊಡೆಯುವುದು ಫೆನಿಟಾಯಿನ್ ಹೆಚ್ಚಾದಾಗಿನ ಲಕ್ಷಣ, ಕಡಿಮೆಯಾದಾಗಿನದಲ್ಲ.

ಕಾಕಾ ಹೇಳಿದ್ದೂ ನಿಜ, ರಿಪೋರ್ಟೂ ನಿಜ. ರಕ್ತದಲ್ಲಿರುವ ಫೆನಿಟಾಯಿನ್ನಿನ ಸುಮಾರು ಶೇಕಡಾ 90 ಅಲ್ಬುಮಿನ್ನಿಗೆ ಅಂಟಿಕೊಂಡಿರುತ್ತದೆ. ಮಿದುಳಿಗೆ ಹೋಗಿ ಕೆಲಸ ಮಾಡುವುದು ಬಿಡಿಯಾಗಿರುವ ಶೇಕಡಾ 10 ಮಾತ್ರ. ಅಸಿಟೋನೈಟ್ರೈಲ್ ಹಾಕಿದಾಗ ಅಲ್ಬುಮಿನ್ನಿನ ಮಡಿಕೆ ಬಿಚ್ಚಿ, ಅದು ಹಿಡಿದಿದ್ದ ಔಷಧವೆಲ್ಲ ತಿಳಿಗೆ ಬೀಳುತ್ತದೆ. ಯಂತ್ರ ಅಂಟಿದ್ದನ್ನೂ ಬಿಡಿಯನ್ನೂ ಕೂಡಿಸಿ ಒಟ್ಟು ಹೇಳುತ್ತದೆ. ಆಸ್ಪತ್ರೆಯ ಯಂತ್ರಗಳಲ್ಲಿ ಪ್ರತಿಕಾಯ ಬಳಸಿ ಅಳೆದರೂ ಸಾಮಾನ್ಯವಾಗಿ ಸಿಗುವುದು ಒಟ್ಟು ಸಂಖ್ಯೆಯೇ. ಬಿಡಿಯಾದದ್ದನ್ನಷ್ಟೇ ಅಳೆಯಬೇಕೆಂದರೆ ಪ್ರೋಟೀನನ್ನು ಒಡೆಯಲೇಬಾರದು. ಅತಿ ಸಣ್ಣ ರಂಧ್ರಗಳ ಪೊರೆಯ ಮೂಲಕ ಪ್ಲಾಸ್ಮಾವನ್ನು ಸೋಸಿ, ಅಲ್ಬುಮಿನ್ ತಾನು ಹಿಡಿದ ಔಷಧದ ಸಮೇತ ಮೇಲೇ ಉಳಿಯುವಂತೆ ಮಾಡಬೇಕು. ಇದಕ್ಕೆ ಅಲ್ಟ್ರಾಫಿಲ್ಟ್ರೇಷನ್ ಎನ್ನುತ್ತಾರೆ. ಈ ಪರೀಕ್ಷೆ ಎಲ್ಲ ಕಡೆ ಸಿಗುವುದಿಲ್ಲ.

ಅದು ಸಿಗದ ಕಡೆ ಶೈನರ್–ಟೋಜರ್ ಎಂಬ ಸರಳ ಲೆಕ್ಕ ನೆರವಿಗೆ ಬರುತ್ತದೆ. 100 ಮಿಲಿಲೀಟರಿನಲ್ಲಿ ಅಲ್ಬುಮಿನ್ ಎಷ್ಟು ಗ್ರಾಂ ಇದೆಯೋ ಅದನ್ನು 0.2ರಿಂದ ಗುಣಿಸಿ 0.1 ಕೂಡಿಸಬೇಕು, ರಿಪೋರ್ಟಿನ ಸಂಖ್ಯೆಯನ್ನು ಅದರಿಂದ ಭಾಗಿಸಬೇಕು. ಆರೋಗ್ಯವಂತರಲ್ಲಿ ಅಲ್ಬುಮಿನ್ 3.5ರಿಂದ 5 ಇರುತ್ತದೆ. ಕಾಕಾನದು 2ಕ್ಕೆ ಇಳಿದಿತ್ತು. 9ನ್ನು 0.5ರಿಂದ ಭಾಗಿಸಿದರೆ 18. ಕಡಿಮೆ ಎಂದು ಕಂಡದ್ದು ವಾಸ್ತವದಲ್ಲಿ ಮೇಲಿನ ಗೆರೆಯ ಹತ್ತಿರ ನಿಂತಿತ್ತು. ಕಿಡ್ನಿ ಪೂರ್ತಿ ಸೋತವರಲ್ಲಿ ಈ ಲೆಕ್ಕದ ಅಂಕಿಗಳು ಬದಲಾಗುತ್ತವೆ, ಮತ್ತು ಇದು ಅಂದಾಜೇ ಹೊರತು ಅಳತೆಯಲ್ಲ. ಆದರೂ ಕಾಕಾನ ವೈದ್ಯರು ಅಲ್ಬುಮಿನ್ ನೋಡಿ, ಲಕ್ಷಣ ಕೇಳಿ, ಗುಳಿಗೆ ಹೆಚ್ಚಿಸದೆ ಊಟದ ಕಡೆ ಗಮನ ಕೊಡಿಸಿದರು.

ಇದನ್ನು ಓದುತ್ತಿರುವ ಲ್ಯಾಬಿನವರಲ್ಲಿ ನನ್ನ ಕೋರಿಕೆ: ಫೆನಿಟಾಯಿನ್ ರಿಪೋರ್ಟಿನಲ್ಲಿ “ಒಟ್ಟು” ಎಂದು ಸ್ಪಷ್ಟವಾಗಿ ಮುದ್ರಿಸಿ, ಪಕ್ಕದಲ್ಲಿ ಅಲ್ಬುಮಿನ್ನಿಗೊಂದು ಸಾಲು ಇಡಿ. ಫಿಟ್ಸಿಗೆ ಫೆನಿಟಾಯಿನ್ ಅಥವಾ ವಾಲ್ಪ್ರೋಯೇಟ್ ನುಂಗುವವರ ಮನೆಯವರಿಗೆ ಹೇಳುವುದಿಷ್ಟು. ಮಟ್ಟ ನೋಡಲು ರಕ್ತ ಕೊಡುವ ದಿನ ಬೆಳಗಿನ ಗುಳಿಗೆಗೆ ಮೊದಲೇ ಕೊಡಿ, ಹಿಂದಿನ ಗುಳಿಗೆ ನುಂಗಿದ ಹೊತ್ತು ಬರೆಸಿ, ಅದೇ ರಕ್ತದಲ್ಲಿ ಅಲ್ಬುಮಿನ್ನನ್ನೂ ನೋಡಿರೆಂದು ಕೇಳಿ. ಎರಡೂ ಕಾಗದ ವೈದ್ಯರ ಮುಂದಿಡಿ, ತಲೆ ತಿರುಗುತ್ತಿದ್ದರೆ ಬಾಯಿಬಿಟ್ಟು ಹೇಳಿ. ಸಂಖ್ಯೆ ನೋಡಿ ಗುಳಿಗೆಯನ್ನು ನೀವಾಗಿಯೇ ಹೆಚ್ಚು ಕಡಿಮೆ ಮಾಡಬೇಡಿ.